ಈ ಎಣ್ಣೆ ಯಾವ ಹೊತ್ತಿನದು?

ಚಳಿಗಾಲ ಶುರುವಾಯಿತೆಂದರೆ ಕಾಂದಿವಲಿ ಸ್ಟೇಷನ್ ಪಕ್ಕದ ಫ್ಲೆಕ್ಸ್ ಅಂಗಡಿಗಳಿಗೆ ಹೊಸ ಗಿರಾಕಿಗಳು ಬರುತ್ತಾರೆ. ಪುಢಾರಿಗಳ ಹುಟ್ಟುಹಬ್ಬದ ಬ್ಯಾನರು, ಸತ್ಯನಾರಾಯಣ ಪೂಜೆಯ ಬ್ಯಾನರುಗಳ ನಡುವೆ ಪೆನ್‌ಡ್ರೈವ್ ಹಿಡಿದ ಕಾಲೇಜು ಹುಡುಗ ಹುಡುಗಿಯರು ಸಾಲು ನಿಲ್ಲುತ್ತಾರೆ. ಅವರೆಲ್ಲರಿಗೂ ಬೇಕಾದ ಅಳತೆ ಒಂದೇ: ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಅಳತೆ ಕೇಳಿದ ಕೂಡಲೇ ಅಂಗಡಿಯವನಿಗೆ ಗೊತ್ತಾಗಿಬಿಡುತ್ತದೆ. ‘ಆವಿಷ್ಕಾರ್ ಕಾ ಹೈ ಕ್ಯಾ?’ ಎನ್ನುತ್ತಾನೆ.

ನಮ್ಮ ಬಿಲ್ಡಿಂಗಿನ ಹುಡುಗಿಯೊಬ್ಬಳ ಜೊತೆ ನಾನೂ ಆ ಸಾಲಿನಲ್ಲಿ ನಿಂತಿದ್ದೆ. ಬಿ.ಎಸ್‌ಸಿ. ಎರಡನೇ ವರ್ಷದವಳು. ಅವಳಪ್ಪ ಕುಂದಾಪುರದ ಕಡೆಯವರು, ಇಲ್ಲೇ ಪೂರ್ವ ಭಾಗದಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿದ್ದಾರೆ. ಗಲ್ಲಾ ಬಿಟ್ಟು ಬರಲು ಅವರಿಗೆ ಪುರಸೊತ್ತಿಲ್ಲ. ‘ಅಂಕಲ್, ನೀವು ಬರ್ತೀರಾ?’ ಎಂದು ಅವಳು ಕೇಳಿದ್ದಕ್ಕೆ ಹೊರಟೆ. ಮರುದಿನ ಬೆಳಿಗ್ಗೆ ಚರ್ಚ್‌ಗೇಟ್ ಸ್ಲೋ ಗಾಡಿಯಲ್ಲಿ ಸುರುಳಿ ಸುತ್ತಿದ ಪೋಸ್ಟರನ್ನು ಹಸುಗೂಸಿನಂತೆ ಎದೆಗವಚಿಕೊಂಡು ಅವಳು ಲೇಡೀಸ್ ಡಬ್ಬಿ ಹತ್ತಿದ್ದು, ನಾನು ಜೆಂಟ್ಸ್ ಡಬ್ಬಿಯ ಬಾಗಿಲಿಗೆ ಜೋತುಬಿದ್ದು ಆ ಪೋಸ್ಟರಿನ ಗತಿ ಏನಾಯಿತೋ ಎಂದು ಚಿಂತಿಸಿದ್ದು ಈಗಲೂ ನೆನಪಿದೆ. ಮಡಿಕೆ ಬಿದ್ದರೆ ಅಂಕ ಹೋಗುವುದಿಲ್ಲ. ಆದರೂ ಹೊಟ್ಟೆಯೊಳಗೆ ಏನೋ ಒಂಥರಾ.

ವಿಷಯ ಅವಳ ಮನೆಯದೇ. ವಡೆ, ಬೋಂಡ ಕರಿದ ಎಣ್ಣೆಯನ್ನು ಎಷ್ಟು ಸಲ ಮತ್ತೆ ಕಾಯಿಸುತ್ತಾರೆ, ಅದು ಯಾವಾಗ ಕೆಡುತ್ತದೆ? ಎಣ್ಣೆ ಕಾದು ಕಾದು, ಹಿಟ್ಟಿನ ನೀರು ತಾಗಿ ತಾಗಿ ಒಡೆಯುತ್ತದೆ. ಹಾಗೆ ಹುಟ್ಟುವ ಪದಾರ್ಥಗಳಿಗೆ ಪೋಲಾರ್ ಸಂಯುಕ್ತಗಳು ಎಂದು ಹೆಸರು. ಇವು ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ನಿಯಮವನ್ನು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಜಾರಿಗೆ ತಂದಿದೆ. ಅದನ್ನು ಅಳೆಯುವ ಕಡ್ಡಿಯಂಥ ಮೀಟರು ಕಾಲೇಜಿನಲ್ಲಿ ಇರಲಿಲ್ಲ. ಹಾಗಾಗಿ ಅವಳು ಹಳೆಯ ದಾರಿಯನ್ನೇ ಹಿಡಿದಿದ್ದಳು. ಎಣ್ಣೆಯಲ್ಲಿ ಆಮ್ಲ ಎಷ್ಟಿದೆ ಎಂಬುದನ್ನು ಬ್ಯೂರೆಟ್ಟಿನಿಂದ ಹನಿ ಹನಿ ಬಿಟ್ಟು, ಫಿನಾಫ್ತಲೀನ್ ತಿಳಿಗುಲಾಬಿಗೆ ತಿರುಗುವವರೆಗೆ ಕಾದು ಲೆಕ್ಕ ಹಾಕುವುದು. ನಾವೆಲ್ಲ ಪಿಯುಸಿಯಲ್ಲಿ ಮಾಡಿ ಮರೆತ ಟೈಟ್ರೇಷನ್ನೇ.

ಆವಿಷ್ಕಾರ್ ಎಂದರೆ ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ನಡುವಿನ ಸಂಶೋಧನಾ ಸ್ಪರ್ಧೆ. 2006ರಲ್ಲಿ ಕುಲಾಧಿಪತಿಗಳ, ಅಂದರೆ ರಾಜ್ಯಪಾಲರ ಕಚೇರಿಯಿಂದ ಹೊರಟ ಯೋಜನೆ ಇದು. ಆಗ ರಾಜಭವನದಲ್ಲಿದ್ದವರು ನಮ್ಮ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಮುಂಬೈ ಕನ್ನಡಿಗರಿಗೆ ಈ ನಂಟು ನೆನಪಿರುವಂತೆ ಕಾಣುವುದಿಲ್ಲ. ಅವರ ಹೆಸರು ಬಂದರೆ ನಮಗೆ ನೆನಪಾಗುವುದು ಬೆಂಗಳೂರಿನ ಐಟಿಯೇ. ಸ್ಪರ್ಧೆಗೆ ಆರು ವಿಭಾಗ: ಭಾಷೆ, ಮಾನವಿಕ, ಲಲಿತಕಲೆಗಳು ಒಂದರಲ್ಲಿ, ವಾಣಿಜ್ಯ, ಮ್ಯಾನೇಜ್‌ಮೆಂಟ್, ಕಾನೂನು ಇನ್ನೊಂದರಲ್ಲಿ, ಆಮೇಲೆ ಶುದ್ಧ ವಿಜ್ಞಾನ, ಕೃಷಿ ಮತ್ತು ಪಶುಸಂಗೋಪನೆ, ಎಂಜಿನಿಯರಿಂಗ್, ವೈದ್ಯ ಮತ್ತು ಔಷಧ. ಪದವಿಯವರು, ಎಂ.ಎ., ಎಂ.ಎಸ್‌ಸಿ. ಓದುವವರು, ಪಿಎಚ್.ಡಿ. ಮಾಡುವವರು ಬೇರೆ ಬೇರೆ ಹಂತಗಳಲ್ಲಿ ಸ್ಪರ್ಧಿಸುತ್ತಾರೆ. ಮೊದಲು ವಲಯದ ಸುತ್ತಿನಲ್ಲಿ ಪೋಸ್ಟರು. ಅಲ್ಲಿ ಗೆದ್ದವರಿಗೆ ವಿಶ್ವವಿದ್ಯಾಲಯದ ಅಂತಿಮ ಸುತ್ತಿನಲ್ಲಿ ವೇದಿಕೆ ಹತ್ತಿ ಮಾತಾಡುವ ಅವಕಾಶ. ಅದಕ್ಕೂ ಮೇಲೆ ರಾಜ್ಯಮಟ್ಟ. ಮುಂಬೈ ವಿಶ್ವವಿದ್ಯಾಲಯದ ವ್ಯಾಪ್ತಿ ಕೊಲಾಬಾದಿಂದ ಸಿಂಧುದುರ್ಗದವರೆಗೆ ಚಾಚಿಕೊಂಡಿದೆ. ಸಾವಂತವಾಡಿಯ ಗೋಡಂಬಿಯ ಮೇಲಿನ ಪೋಸ್ಟರೂ ಕಾಂದಿವಲಿಯ ಕರಿದ ಎಣ್ಣೆಯ ಪೋಸ್ಟರೂ ಒಂದೇ ಗೋಡೆಗೆ ಬರಬಹುದಾದ ಸ್ಪರ್ಧೆ ಇದು.

ಸುತ್ತು ನಡೆದ ಕಾಲೇಜಿನ ಸಭಾಂಗಣದಲ್ಲಿ ಸಾಲು ಸಾಲು ಬೋರ್ಡು. ಸೇಫ್ಟಿ ಪಿನ್ನು, ಡಬಲ್ ಟೇಪು, ಇಸ್ತ್ರಿ ಮಾಡಿದ ಅಂಗಿ, ಬಾಯಿಪಾಠದ ಗುಂಯ್‌ಗುಡುವಿಕೆ. ಪ್ರತಿಯೊಬ್ಬರ ಹತ್ತಿರವೂ ಒಂದು ಪೈ ಚಾರ್ಟು. ಅರ್ಧಕ್ಕರ್ಧ ಮಂದಿಯದು ಗೂಗಲ್ ಫಾರ್ಮು ಹಂಚಿ, ಸ್ನೇಹಿತರಿಂದ ತುಂಬಿಸಿಕೊಂಡ ಅಧ್ಯಯನ. ಆನ್‌ಲೈನ್ ಊಟ ತರಿಸುವವರ ಅಭಿಪ್ರಾಯ, ಯುಪಿಐ ಬಳಸುವವರ ಅಭಿಪ್ರಾಯ, ಹೀಗೆ. ನಗಬಾರದು. ಮೊದಲ ಸಲ ಈಜು ಕಲಿಯುವವರು ದಂಡೆಯ ಹತ್ತಿರದ ನೀರಿಗೇ ಇಳಿಯುತ್ತಾರೆ.

ನಮ್ಮ ಹುಡುಗಿಯ ಬೋರ್ಡಿನ ಮುಂದೆ ತೀರ್ಪುಗಾರ್ತಿಯೊಬ್ಬರು ನಿಂತರು. ಇಳಿವಯಸ್ಸು, ಕೈಯಲ್ಲಿ ಅಂಕಪಟ್ಟಿ, ಮುಖದಲ್ಲಿ ನಗುವೂ ಇಲ್ಲ, ಸಿಡುಕೂ ಇಲ್ಲ. ಇವಳು ಉಸಿರು ಬಿಗಿಹಿಡಿದು ಎಲ್ಲವನ್ನೂ ಒಪ್ಪಿಸಿದಳು. ಸ್ಟೇಷನ್ನಿನ ಆಚೀಚೆಯ ಅಂಗಡಿಗಳಿಂದ ತಂದ ಎಣ್ಣೆ ಒಟ್ಟಾರೆ ಪರವಾಗಿಲ್ಲ ಎಂಬುದು ಅವಳ ತೀರ್ಮಾನ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು:

‘ಬೇಟಾ, ಈ ಎಣ್ಣೆ ಯಾವ ಹೊತ್ತಿನದು? ನೀನು ಬರುತ್ತೀ ಎಂದು ಅಂಗಡಿಯವರಿಗೆ ಗೊತ್ತಿತ್ತಾ?’

ಹುಡುಗಿ ನನ್ನ ಕಡೆ ನೋಡಿದಳು. ನಾನು ಪೋಸ್ಟರಿನ ಕಡೆ ನೋಡಿದೆ. ಗೊತ್ತಿತ್ತು. ಅಪ್ಪನ ಪರಿಚಯದ ಅಂಗಡಿಗಳು. ಅವಳು ಫೋನ್ ಮಾಡಿಯೇ ಹೋಗಿದ್ದಳು, ಅದೂ ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ. ಪರಿಚಯದವರ ಮಗಳು ಬಾಟಲಿ ಹಿಡಿದು ಬಂದರೆ ಯಾರು ತಾನೇ ಹಿಂದಿನ ರಾತ್ರಿಯ ಕಪ್ಪೆಣ್ಣೆ ಕೊಟ್ಟಾರು? ಆಗಷ್ಟೇ ಸುರಿದದ್ದನ್ನು ಕೊಟ್ಟಿರುತ್ತಾರೆ, ಪ್ರೀತಿಯಿಂದಲೇ. ಅವಳ ಟೈಟ್ರೇಷನ್ನಿನಲ್ಲಿ ಒಂದು ಹನಿಯೂ ತಪ್ಪಿರಲಿಲ್ಲ. ತಪ್ಪಿದ್ದು ಬಾಟಲಿ ತುಂಬಿದ ಗಳಿಗೆ.

ಈ ಒಂದು ಪ್ರಶ್ನೆಗಾಗಿಯೇ ಇಷ್ಟೆಲ್ಲ ಏರ್ಪಾಡು ಎಂದು ಅವತ್ತು ನನಗನ್ನಿಸಿತು. ಗೈಡ್ ಕೇಳುವ ಪ್ರಶ್ನೆ ಬೇರೆ. ಅವರಿಗೆ ಹುಡುಗಿ ಗೊತ್ತು, ಅವಳ ಕಷ್ಟ ಗೊತ್ತು, ಎಷ್ಟೋ ಸಲ ಉತ್ತರವೂ ಅವರದೇ. ಪರೀಕ್ಷೆಯಲ್ಲಿ ಕೇಳುವುದು ಪುಸ್ತಕದೊಳಗಿನದು. ಮುಖಪರಿಚಯವೇ ಇಲ್ಲದವರೊಬ್ಬರು ನಮ್ಮ ಕೆಲಸದ ಮುಂದೆ ಐದು ನಿಮಿಷ ನಿಂತು ‘ಇದು ನಿನಗೆ ಎಲ್ಲಿ ಸಿಕ್ಕಿತು?’ ಎಂದು ಕೇಳುವುದು ಮಾತ್ರ ಇಂಥ ಕಡೆಗಳಲ್ಲೇ.

ಕಾಂದಿವಲಿಯ ನೆಲಕ್ಕೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿ ಗುಡ್ಡ ಒಡೆದು ಬ್ಯಾಕ್‌ಬೇ ಸಮುದ್ರ ತುಂಬಿಸಲು ಕಲ್ಲು ಸಾಗಿಸಿದ ಕಾಲವೊಂದಿತ್ತು. ನೌಕಾಪಡೆಯ ಅಧಿಕಾರಿ ಕೆ.ಆರ್.ಯು. ಟಾಡ್ ಎಂಬಾತ ಈ ಊರಿನ ಮಣ್ಣಿನ ಪದರಗಳಲ್ಲಿ ಆದಿಮಾನವರ ಕಲ್ಲಿನ ಕೈಗೊಡಲಿ, ಚಕ್ಕೆಗಳನ್ನು ಹೆಕ್ಕಿದ. ಪುರಾತತ್ತ್ವ ಅವನ ಕಸುಬಲ್ಲ, ಹವ್ಯಾಸ. 1939ರಲ್ಲಿ ಲಂಡನ್ನಿನ ರಾಯಲ್ ಆಂತ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟಿನ ಪತ್ರಿಕೆಯಲ್ಲಿ ಬಾಂಬೆಯ ಹಳೆ ಶಿಲಾಯುಗದ ಬಗೆಗಿನ ಅವನ ಪ್ರಬಂಧ ಅಚ್ಚಾಯಿತು. ಅಂದಿನಿಂದ ಪುರಾತತ್ತ್ವದ ಪುಸ್ತಕಗಳಲ್ಲಿ ‘ಖಾಂದಿವ್ಲಿ’ ಎಂಬುದು ಒಂದು ಹೆಸರು. ಕಲ್ಲು ಚಂದವಿದೆಯೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಲ್ಲ, ಯಾವ ಪದರದಿಂದ ಎತ್ತಿದ್ದು ಎಂಬುದೇ ಎಲ್ಲ. ಎಸ್.ಸಿ. ಮಲಿಕ್‌ರಂಥ ಪುರಾತತ್ತ್ವಜ್ಞರು 1950ರ ದಶಕದಲ್ಲಿ ಈ ಪ್ರದೇಶದ ಶಿಲಾಯುಗವನ್ನು ಮತ್ತೆ ಕೈಗೆತ್ತಿಕೊಂಡರು. ಇವತ್ತು ಆ ಮಣ್ಣಿನ ಮೇಲೆ ಟವರುಗಳು ಎದ್ದಿವೆ. ಠಾಕೂರ್ ವಿಲೇಜಿನ ಕಾಲೇಜುಗಳಿಗೆ ಹೋಗುವ ಸಾವಿರಾರು ಮಕ್ಕಳಿಗೆ ಕಾಲಡಿಯ ಈ ಕಥೆ ಯಾರೂ ಹೇಳಿದಂತಿಲ್ಲ. ಪೋಸ್ಟರಿಗೆ ವಿಷಯ ಸಿಗುತ್ತಿಲ್ಲ ಎಂದು ಅವರು ಗೊಣಗುವುದನ್ನು ಮಾತ್ರ ರಿಕ್ಷಾ ಸಾಲಿನಲ್ಲಿ ಕೇಳಿದ್ದೇನೆ.

ಕಂಡದ್ದನ್ನು ಅಚ್ಚು ಹಾಕಿಸುವ ಮೊದಲು ಹೀಗೆ ನಾಲ್ಕು ಜನರ ಮುಂದೆ ಹೇಳಿ ತೋರಿಸುವ ಕ್ರಮಕ್ಕೆ ನಮ್ಮ ಬೆಂಗಳೂರಿನಲ್ಲೇ ದೊಡ್ಡ ಸಾಕ್ಷಿಯಿದೆ. 1928ರ ಫೆಬ್ರುವರಿ 28ರಂದು ಕಲ್ಕತ್ತದಲ್ಲಿ ಕಂಡದ್ದನ್ನು ಸಿ.ವಿ. ರಾಮನ್ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ವಿವರಿಸಿದರು. ಅದೇ ರಾಮನ್ 1906ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ, ಹದಿನೆಂಟರ ಹರೆಯದಲ್ಲಿ, ಲಂಡನ್ನಿನ ಪತ್ರಿಕೆಯಲ್ಲಿ ಮೊದಲ ಪ್ರಬಂಧ ಪ್ರಕಟಿಸಿದ್ದರು. ಎಲ್ಲ ಹದಿನೆಂಟರವರೂ ರಾಮನ್ ಅಲ್ಲ, ಸರಿ. ಆದರೆ ಹದಿನೆಂಟು ತೀರಾ ಚಿಕ್ಕದು ಎನ್ನುವವರಿಗೆ ಇಷ್ಟು ಸಾಕು.

ಇನ್ನು ಕಹಿಯದು. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕ ತಂದಿತು. ಪ್ರಬಂಧ ಮಂಡಿಸಿದರೆ ಅಂಕ. ಅಂತರರಾಷ್ಟ್ರೀಯ ಸಮ್ಮೇಳನವಾದರೆ ಹೆಚ್ಚು, ಸ್ಥಳೀಯವಾದರೆ ಕಡಿಮೆ. ಆಮೇಲೆ ಕೇಳಬೇಕೆ, ಊರೂರಿನ ಸೆಮಿನಾರುಗಳೆಲ್ಲ ಅಂತರರಾಷ್ಟ್ರೀಯವಾದವು. 2016ರ ನಿಯಮಗಳು ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಪತ್ರಿಕೆಯಲ್ಲಿ ಒಂದು ಲೇಖನ, ಸಮ್ಮೇಳನಗಳಲ್ಲಿ ಎರಡು ಮಂಡನೆ ಕಡ್ಡಾಯ ಎಂದವು. ಒಂದು ಸಲ ನಾನೂ ಇಂಥದೊಂದು ಕಡೆ ಹೋಗಿದ್ದೆ, ಹೆಸರು ಬೇಡ. ಬೆಳಿಗ್ಗೆ ರಿಜಿಸ್ಟ್ರೇಷನ್ ಫೀ, ಚೀಲ, ಪೆನ್ನು. ಉದ್ಘಾಟನೆ ಎರಡು ಗಂಟೆ. ಝೂಮಿನಲ್ಲಿ ವಿದೇಶದ ಒಬ್ಬರು ಮುಖ ತೋರಿಸಿ ಹೋದರು. ಮಧ್ಯಾಹ್ನ ಬಾಸುಂದಿ ಪೂರಿ. ಊಟವಾದ ಮೇಲೆ ನಾಲ್ಕು ಕೊಠಡಿಗಳಲ್ಲಿ ಸಮಾನಾಂತರ ಗೋಷ್ಠಿ, ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ನಮ್ಮ ಕೊಠಡಿಯಲ್ಲಿ ಉಳಿದಿದ್ದವರು ಮಂಡಿಸುವವರು ಮತ್ತು ನಾನು. ಪ್ರಶ್ನೆ ಇದೆಯೇ ಎಂದು ಅಧ್ಯಕ್ಷರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನಾನು ಒಂದು ಪ್ರಶ್ನೆ ಕೇಳಿದ್ದಕ್ಕೆ ಆ ಹುಡುಗ ನನ್ನನ್ನು ನೋಡಿದ ಪರಿ ಹೇಗಿತ್ತೆಂದರೆ, ಊಟದೆಲೆಗೆ ಕೈ ಹಾಕಿದಂತೆ. ಸರ್ಟಿಫಿಕೇಟು ಅವನಿಗೆ ಬೆಳಿಗ್ಗೆಯೇ ಸಿಕ್ಕಿತ್ತು. 2022ರ ನವೆಂಬರಿನ ಹೊಸ ನಿಯಮಗಳಲ್ಲಿ ಯುಜಿಸಿ ಆ ಕಡ್ಡಾಯವನ್ನು ಕೈಬಿಟ್ಟಿತು. ಒಳ್ಳೆಯದಾಯಿತು. ಹಾಗೆಂದು ಬಾಸುಂದಿಗೋಷ್ಠಿಗಳು ಪೂರ್ತಿ ನಿಂತಿಲ್ಲ.

ಎಲ್ಲವೂ ಹೀಗೇ ಎಂದರೆ ಅನ್ಯಾಯವಾದೀತು. 2010ರ ಫೆಬ್ರುವರಿಯಲ್ಲಿ ಇದೇ ಕಾಂದಿವಲಿಯ ಠಾಕೂರ್ ಎಂಜಿನಿಯರಿಂಗ್ ಕಾಲೇಜು ನಡೆಸಿದ ತಂತ್ರಜ್ಞಾನ ಸಮ್ಮೇಳನದ ಪ್ರಬಂಧಗಳನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿಗಳ ಸಂಘವಾದ ಎಸಿಎಂ ಪ್ರಕಟಿಸಿತು. ಯಾವ ಊರಿನವರೂ ತೆಗೆದು ನೋಡಿ ತಪ್ಪು ಹುಡುಕಬಹುದಾದ ಜಾಗದಲ್ಲಿ ಅವು ಇವೆ. ಪದವಿಯ ಮಕ್ಕಳಿಗೂ ಈಗ ಬಾಗಿಲು ತೆರೆದಿದೆ: ನಾಲ್ಕು ವರ್ಷದ ಹೊಸ ಪದವಿಯ ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ಅಂಕ ತೆಗೆದವರು ಕೊನೆಯ ವರ್ಷ ಸಂಶೋಧನೆಯ ದಾರಿ ಹಿಡಿದು, 12 ಕ್ರೆಡಿಟ್ಟಿನ ಪ್ರಬಂಧ ಬರೆಯಬಹುದು. ಅಷ್ಟೂ ಮಕ್ಕಳಿಗೆ ಗೈಡುಗಳು ಎಲ್ಲಿಂದ ಬರುತ್ತಾರೆ ಎಂಬುದು ಬೇರೆ ಪ್ರಶ್ನೆ.

ಮಾತಿನ ಅವಧಿಯ ಬಗ್ಗೆ ಒಂದು ಕಥೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 2008ರ ಹೊತ್ತಿಗೆ ಬರಗಾಲ. ನೀರು ಉಳಿಸಲು ಜನ ಬಚ್ಚಲ ಗೋಡೆಗೆ ಮೂರು ನಿಮಿಷದ ಮರಳು ಗಡಿಯಾರ ಅಂಟಿಸಿಕೊಂಡು ಸ್ನಾನ ಮುಗಿಸುತ್ತಿದ್ದರು. ಅಲ್ಲಿನ ವಿಶ್ವವಿದ್ಯಾಲಯದವರಿಗೆ ಅದೇ ಹೊಳೆಯಿತು: ಪಿಎಚ್.ಡಿ. ಪ್ರಬಂಧವನ್ನೂ ಮೂರೇ ನಿಮಿಷದಲ್ಲಿ, ಒಂದೇ ಸ್ಲೈಡಿನಲ್ಲಿ ಹೇಳಿಸಿದರೆ? ಆ ಸ್ಪರ್ಧೆ ಈಗ ಹಲವು ದೇಶಗಳಲ್ಲಿದೆ. ಮುಂಬೈಯಲ್ಲಿ ನಲ್ಲಿ ನೀರು ಬರುವ ಹೊತ್ತು ಗೊತ್ತಿರುವ ನಮಗೆ ಈ ಯೋಚನೆ ಮೊದಲೇ ಬರಬೇಕಿತ್ತು.

ಕನ್ನಡದ ಮಾತು ಬರದೆ ಹೇಗೆ? ಕಲೀನಾದ ವಿದ್ಯಾನಗರಿಯಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ‘ಹೊಸಗನ್ನಡದ ಅರುಣೋದಯ’ ಬರೆದ ಶ್ರೀನಿವಾಸ ಹಾವನೂರ ಕೆಲಸ ಮಾಡಿದ ವಿಭಾಗ. ಹಳೆಯ ಪತ್ರಿಕೆ, ಮರೆತ ಪುಸ್ತಕ ಯಾವ ಗ್ರಂಥಾಲಯದ ಯಾವ ಮೂಲೆಯಲ್ಲಿದೆ ಎಂದು ಹುಡುಕಿ ತೆಗೆಯುವುದರಲ್ಲಿ ಅವರಷ್ಟು ಹಟಮಾರಿಗಳು ಕಡಿಮೆ. ಅಲ್ಲಿನ ಗೋಷ್ಠಿಗಳಲ್ಲಿ ಎಂ.ಎ. ಓದುವವರು ಪ್ರಬಂಧ ಮಂಡಿಸುವುದನ್ನು ನೋಡಿದ್ದೇನೆ. ಗೃಹಿಣಿಯರು, ಬ್ಯಾಂಕಿನಿಂದ ನಿವೃತ್ತರಾದವರು, ಐವತ್ತರಲ್ಲಿ ಮತ್ತೆ ಪುಸ್ತಕ ಹಿಡಿದವರು. ಪ್ರಶ್ನೆ ಕೇಳಿದರೆ ಇವರು ಕಂಗಾಲಾಗುವುದಿಲ್ಲ, ತಿರುಗಿ ಎರಡು ಪ್ರಶ್ನೆ ಕೇಳುತ್ತಾರೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ರಾತ್ರಿಶಾಲೆಗೆ ಓಡಿದ ತಲೆಮಾರಿನ ಕತೆ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಬಾಯಲ್ಲೇ ಇದೆ. ಆ ಮನೆಗಳ ಮೊಮ್ಮಕ್ಕಳೇ ಈಗ ಆವಿಷ್ಕಾರ್‌ಗೆ ಗೂಗಲ್ ಫಾರ್ಮು ಹಂಚುತ್ತಿದ್ದಾರೆ. ಅಜ್ಜನ ಹತ್ತಿರ ಅರ್ಧ ಗಂಟೆ ಕೂತರೆ ಮಾನವಿಕ ವಿಭಾಗದ ಪೋಸ್ಟರು ಸಿದ್ಧ. ಕೇಳಲು ಕನ್ನಡವೋ ತುಳುವೋ ಬರಬೇಕು, ಅಷ್ಟೇ ತೊಡಕು.

ನಮ್ಮ ಹುಡುಗಿ ವಲಯದ ಸುತ್ತು ದಾಟಲಿಲ್ಲ. ಬರುವಾಗ ಗಾಡಿಯಲ್ಲಿ ಇಬ್ಬರಿಗೂ ಹೆಚ್ಚು ಮಾತಿರಲಿಲ್ಲ. ಪೋಸ್ಟರಿನ ಸುರುಳಿಗೆ ಈಗ ಯಾರೂ ಹೆದರಬೇಕಿರಲಿಲ್ಲ. ಜನರ ನಡುವೆ ಅದು ಆರಾಮವಾಗಿ ಸೊಟ್ಟಗಾಯಿತು. ನೇರ ಹೋಟೆಲಿಗೆ ಹೋದೆವು. ಸಂಜೆಯ ವಡೆಯ ಹೊತ್ತು, ಬಾಣಲೆಯ ಸುತ್ತ ಗಿರಾಕಿಗಳು. ಅವಳಪ್ಪ ಗಲ್ಲಾದಿಂದಲೇ ಹುಬ್ಬೇರಿಸಿದರು. ಅವಳು ತೀರ್ಪುಗಾರ್ತಿಯ ಪ್ರಶ್ನೆಯನ್ನು ಅವರಿಗೂ ಹೇಳಿದಳು. ಅವರು ಚಿಲ್ಲರೆ ಎಣಿಸುತ್ತಲೇ ಕೇಳಿಸಿಕೊಂಡರು. ಬಾಣಲೆಯ ಕಡೆ ಒಮ್ಮೆ ನೋಡಿದರು. ಹುಡುಗ ಹೊಸ ಪ್ಯಾಕೆಟು ಒಡೆದು ಹಳೆಯದರ ಮೇಲೇ ಸುರಿಯುತ್ತಿದ್ದ.

‘ರಾತ್ರಿ ಬಾಣ್ಲಿ ಇಳ್ಸು ಹೊತ್ತಿಗೆ ಬಾ ಮಗಾ’ ಎಂದರು. ‘ಯಾವತ್ತ್ ಅಂದೇಳಿ ಹೇಳ್ಕಂಡ್ ಬಪ್ಪುದ್ ಬ್ಯಾಡ.’