ಅಂತರ್ಜಾಲವೂ ಹೆಬ್ಬೆಟ್ಟೂ

ನಮ್ಮ ದೇಶದಲ್ಲಿ ಅಂತರ್ಜಾಲವು ಸಾರ್ವಜನಿಕರ ಉಪಯೋಗಕ್ಕೆಂದು ತೆರೆಯಲ್ಪಟ್ಟದ್ದು 1995ನೆಯ ಇಸವಿಯ ಆಗಸ್ಟ್ 15ನೆಯ ದಿವಸ. ವಿದೇಶ ಸಂಚಾರ ನಿಗಮವು ಕೆಲವು ಮಹಾನಗರಗಳಲ್ಲಿ ಅದಕ್ಕೆ ಆರಂಭ ಮಾಡಿತು. ಆ ಕಾಲಕ್ಕೆ ನಮ್ಮ ಆಲಮೇಲದ ಕಡೆಯಲ್ಲಿ ದೂರವಾಣಿಯಿದ್ದ ಮನೆಗಳೇ ವಿರಳ. ಟಪಾಲಿನವನು ಕೊಟ್ಟ ಕಾಗದವನ್ನು ಓದಿಸಿಕೊಳ್ಳುವದಕ್ಕೂ, ಮನಿಯಾರ್ಡರಿನ ಫಾರ್ಮು ತುಂಬಿಸಿಕೊಳ್ಳುವದಕ್ಕೂ ಜನರು ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮಗನ ಕಾಗದದಲ್ಲಿ ಏನಿರುವದೆಂಬುದು ತಾಯಿಗಿಂತ ಮೊದಲು ಮಾಸ್ತರನಿಗೆ ತಿಳಿಯುವದು. ಅಂದಿನ ವ್ಯವಸ್ಥೆಯೇ ಹಾಗಿದ್ದಿತು.

ಅಲ್ಲಿಂದ ಮೂವತ್ತು ವರ್ಷಗಳಾದವು. 2017–18ರಲ್ಲಿ ಸರಕಾರದವರು ನಡೆಸಿದ ಸಮೀಕ್ಷೆಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 24ಕ್ಕೆ ಮಾತ್ರ ಅಂತರ್ಜಾಲವಿದ್ದಿತು; ಹಳ್ಳಿಗಳನ್ನಷ್ಟೇ ಎಣಿಸಿದರೆ 15. ಅದೇ 2025ರ ಮೊದಲಿನ ಮೂರು ತಿಂಗಳ ಸಮೀಕ್ಷೆಯಲ್ಲಿ ನೂರಕ್ಕೆ 86 ಮನೆಗಳು. ಏಳೆಂಟು ವರ್ಷಗಳಲ್ಲಿ ಇಷ್ಟು ದೊಡ್ಡ ಪಲ್ಲಟವನ್ನು ವಿದ್ಯುದ್ದೀಪವೂ ಕಾಣಲಿಲ್ಲ, ನಮ್ಮ ಶಾಲೆಗಳಂತೂ ಕಾಣಲೇ ಇಲ್ಲ. ಆದರೆ ವಾಚಕರು ಒಂದನ್ನು ಲಕ್ಷಿಸಬೇಕು. ಈ ಅಂಕಿಗಳು ಮನೆಗಳ ಎಣಿಕೆ. ಮನೆಯೊಳಗೆ ಅದು ಯಾರ ಕೈಯಲ್ಲಿರುವದೆಂಬ ಪ್ರಶ್ನೆಗೆ ಇವು ಉತ್ತರ ಕೊಡಲಾರವು.

ಉಪಕಾರವನ್ನು ಮೊದಲು ಹೇಳುವದು ನ್ಯಾಯ. ಹೊಲದ ಉತಾರವೆಂದರೆ ಏನೆಂಬುದನ್ನು ನಮ್ಮ ಸೀಮೆಯ ಒಕ್ಕಲಿಗರಿಗೆ ವಿವರಿಸಬೇಕಾಗಿಲ್ಲ. ಸಾಲ ತರಲಿಕ್ಕೆ ಉತಾರ ಬೇಕು, ಹಿಸ್ಸೆಯಾಗಲಿಕ್ಕೆ ಬೇಕು, ಕೋರ್ಟಿಗೆ ಹೋಗಲಿಕ್ಕಂತೂ ಬೇಕೇ ಬೇಕು. ಮೊದಲು ಅದು ತಲಾಟಿಯ ಕೈಬರಹದ ವಹಿಯಲ್ಲಿ ಇರುತ್ತಿದ್ದಿತು. ತಲಾಟಿಯು ಊರಿನಲ್ಲಿರಬೇಕು, ವಹಿಯು ಅವನ ಹತ್ತಿರವಿರಬೇಕು, ಅವನಿಗೆ ಪುರಸತ್ತೂ ಇರಬೇಕು. ಈ ಮೂರೂ ಕೂಡುವ ಮುಹೂರ್ತಕ್ಕಾಗಿ ರೈತನು ಎಷ್ಟು ಸಲ ಅಲೆದನೆಂಬುದಕ್ಕೆ ಲೆಕ್ಕವಿಲ್ಲ. ಶ್ರೀ ರಾಜೀವ ಚಾವ್ಲಾ ಎಂಬ ಅಧಿಕಾರಿಗಳ ನೇತೃತ್ವದಲ್ಲಿ ನಡೆದ ‘ಭೂಮಿ’ ಯೋಜನೆಯು 2001ರ ಸುಮಾರಿಗೆ ಕರ್ನಾಟಕದ 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ಗಣಕಯಂತ್ರದೊಳಗೆ ತಂದಿತು. ಆಗ ತಾಲೂಕಿನ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬರುತ್ತಿದ್ದಿತು. ಹೆಸರು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಚಾರಿಸತಕ್ಕದ್ದೆಂದು ಯಂತ್ರಕ್ಕೆ ಕಟ್ಟು ಹಾಕಿದರು. ಹಿಂದಿನವನನ್ನು ಮುಂದೆ ಕರೆಯುವ ದಾರಿಯನ್ನು ಮುಚ್ಚಿದರು. ಅಧಿಕಾರಿಗಳು ಕೂಡ ಯಂತ್ರಕ್ಕೆ ಬೆರಳಿನ ಗುರುತು ಕೊಟ್ಟೇ ಕೆಲಸಕ್ಕೆ ತೊಡಗಬೇಕಾಯಿತೆಂಬುದು ಒಂದು ವಿನೋದದ ಸಂಗತಿ. ಲಿಪಿ ಬಲ್ಲವರೂ ಬೆರಳೊತ್ತುವ ಕಾಲವು ಹೀಗೆ ನಮ್ಮ ನಾಡಿಗೆ ಬಂದಿತು.

2016ರಲ್ಲಿ ಎರಡು ಸಂಗತಿಗಳು ನಡೆದವು. ಏಪ್ರಿಲಿನಲ್ಲಿ ಯುಪಿಐ ಎಂಬ ಹಣ ಸಾಗಿಸುವ ವ್ಯವಸ್ಥೆ ಹುಟ್ಟಿತು; ಸಪ್ಟೆಂಬರ 5ಕ್ಕೆ ಜಿಯೋ ಕಂಪನಿಯು ಕಾಲಿಟ್ಟು ಅಂತರ್ಜಾಲದ ದರವನ್ನು ನೆಲಕ್ಕಿಳಿಸಿತು. ಇಂದು ನಮ್ಮ ಪೇಟೆಯ ಚಹದ ಅಂಗಡಿಯಲ್ಲಿಯೂ ಕಪ್ಪು ಚೌಕಗಳ ಚೀಟಿ ತೂಗಾಡುತ್ತದೆ. ಇಂಡಿ, ಸಿಂದಗಿ ಕಡೆಯ ಲಿಂಬೆಯ ಬೆಳೆಗಾರರು ದೂರದ ಪೇಟೆಯ ಧಾರಣೆಯನ್ನು ಕೇಳಿಕೊಂಡು ಮಾಲು ಕಟ್ಟುತ್ತಾರೆ. ನಮ್ಮ ಸ್ವಂತದ ಲಾಭವನ್ನೂ ಮುಚ್ಚಿಡಲಾರೆವು. ಒಂದು ಸಂಸ್ಕೃತ ಶಬ್ದದ ಅರ್ಥಸಂದೇಹಕ್ಕಾಗಿ ಹಿಂದೆ ಧಾರವಾಡದ ಪುಸ್ತಕಾಲಯಕ್ಕೆ ಹೋಗುವ ಪ್ರಸಂಗ ಬರುತ್ತಿದ್ದಿತು. ಈಗ ಜರ್ಮನಿಯ ಕೊಲೋನ್ ನಗರದ ವಿಶ್ವವಿದ್ಯಾಲಯದವರು ಇಟ್ಟಿರುವ ಮೋನಿಯರ್ ವಿಲಿಯಮ್ಸರ ಕೋಶವನ್ನೂ ಆಪಟೆಯವರ ಕೋಶವನ್ನೂ ನಮ್ಮ ಪಡಸಾಲೆಯಲ್ಲಿ ಕುಳಿತೇ ತಿರುವಿ ಹಾಕುತ್ತೇವೆ. ಇಷ್ಟರ ಮೇಲೆ ಅಂತರ್ಜಾಲವನ್ನು ಹಳಿದರೆ ನಾವು ಕೃತಘ್ನರಾದೇವು.

ಇನ್ನು ಕೆಲವು ತಿಂಗಳ ಹಿಂದೆ ನಡೆದ ಒಂದು ಸಂಗತಿ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಗಿ, ಮುಂದೆ ಸಾಕ್ಷರತೆಯ ಆಂದೋಲನವು ನಮ್ಮ ಜಿಲ್ಲೆಗೂ ಬಂದಾಗ, ನಾವು ತರುಣ ಶಿಕ್ಷಕರು ಕಂದೀಲು ಹಿಡಿದು ಓಣಿ ಓಣಿಗೆ ಹೋಗಿ ರಾತ್ರಿಯ ವರ್ಗಗಳನ್ನು ನಡೆಸಿದ್ದೆವು. ‘ಹೆಬ್ಬೆಟ್ಟು ಬಿಡಿ, ಸಹಿ ಮಾಡಿ’ ಎಂಬುದೇ ಅಂದಿನ ನಮ್ಮ ಘೋಷಣೆ. ಹಗಲೆಲ್ಲ ಜೋಳದ ಹೊಲದಲ್ಲಿ ಕಳೆ ತೆಗೆದು ಬಂದ ಹೆಣ್ಣುಮಕ್ಕಳು ತೂಕಡಿಸುತ್ತ ಪಾಟಿಯ ಮೇಲೆ ತಮ್ಮ ಹೆಸರನ್ನು ತಿದ್ದುತ್ತಿದ್ದರು. ಅವರಲ್ಲಿ ಒಬ್ಬಳನ್ನು, ಈಗ ಎಪ್ಪತ್ತರ ಸಮೀಪದ ಮುದುಕಿಯನ್ನು, ನಾವು ಹಣ ಕೊಡುವ ಒಂದು ಸೇವಾ ಅಂಗಡಿಯಲ್ಲಿ ಕಂಡೆವು. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಆಕೆಯ ಖಾತೆಗೆ ಬಂದಿದ್ದಿತು. ಅದನ್ನು ಬಿಡಿಸಿಕೊಳ್ಳುವದಕ್ಕೆ ಬಂದಿದ್ದಳು.

ಅಂಗಡಿಯ ಹುಡುಗನು ಒಳ್ಳೆಯವನೇ. ಆಕೆಯ ಹೆಬ್ಬೆಟ್ಟನ್ನು ಒದ್ದೆಯ ಬಟ್ಟೆಯಿಂದ ಒರೆಸಿ ಯಂತ್ರದ ಗಾಜಿನ ಮೇಲೆ ಒತ್ತಿಸಿದನು, ಗುರುತು ಹತ್ತಲಿಲ್ಲ. ಎಡಗೈ ಒತ್ತಿಸಿದನು, ಹತ್ತಲಿಲ್ಲ. ತುಸು ಕೊಬ್ಬರಿ ಎಣ್ಣೆ ಹಚ್ಚಿ ನೋಡಿದನು. ಐವತ್ತು ವರ್ಷ ಕುರ್ಪಿ ಹಿಡಿದು, ಹತ್ತಿ ಬಿಡಿಸಿ, ಬೂದಿಯಿಂದ ಪಾತ್ರೆ ತಿಕ್ಕಿದ ಬೆರಳಿನಲ್ಲಿ ಗೆರೆಗಳು ಉಳಿದಿರುವವೇ? ವಯಸ್ಸಾದಂತೆ ಚರ್ಮವೂ ಒಣಗುವದು. 2010ರ ಸಪ್ಟೆಂಬರ 29ರಂದು ಮಹಾರಾಷ್ಟ್ರದ ತೆಂಭಲಿ ಎಂಬ ಹಳ್ಳಿಯಲ್ಲಿ ಮೊದಲನೆಯ ಆಧಾರ್ ಸಂಖ್ಯೆಗಳನ್ನು ಕೊಟ್ಟಂದಿನಿಂದ ಈ ತೊಡಕು ಕೂಲಿಯವರನ್ನೂ ವೃದ್ಧರನ್ನೂ ಕಾಡುತ್ತಲೇ ಬಂದಿದೆ. ಬೆರಳಿಲ್ಲದಿದ್ದರೆ ಮೊಬೈಲಿಗೆ ಬರುವ ಗುಪ್ತಸಂಖ್ಯೆ, ಅಂದರೆ ಓಟಿಪಿ, ಇನ್ನೊಂದು ಉಪಾಯವೆಂದರು. ಆ ಸಂಖ್ಯೆಯೋ ಗೋವೆಗೆ ದುಡಿಯಹೋದ ಮಗನ ಮೊಬೈಲಿಗೆ ಹೋಗುವದು. ಅವನು ಕೆಲಸದ ಮೇಲಿದ್ದನು, ಎತ್ತಲಿಲ್ಲ.

ಆಕೆಯು ನಮ್ಮನ್ನು ಗುರುತಿಸಿ, “ಮಾಸ್ತರ್ರ, ಹೆಬ್ಬಟ್ಟು ಒತ್ತಬ್ಯಾಡ ಅಂತ ನೀವ ಹೇಳಿದ್ರಿ. ಈಗ ಇವರು ಸಹಿ ಬ್ಯಾಡ, ಹೆಬ್ಬಟ್ಟ ಬೇಕು ಅಂತಾರ. ನಾ ಯಾರ ಮಾತು ಕೇಳ್ಲಿರೀ?” ಎಂದಳು. ಅಂಗಡಿಯಲ್ಲಿದ್ದವರು ನಕ್ಕರು. ನಮಗೆ ಉತ್ತರ ತೋಚಲಿಲ್ಲ. ಒಂದು ದಿನದ ಕೂಲಿಯನ್ನು ಕಳೆದುಕೊಂಡು ಆಕೆ ಬರಿಗೈಯಿಂದ ಹೋದಳು.

ಅಂದು ಟಪಾಲಿನ ಕಾಗದವನ್ನು ಓದಿ ಹೇಳುತ್ತಿದ್ದ ಮಾಸ್ತರನ ಜಾಗದಲ್ಲಿ ಇಂದು ಅಂಗಡಿಯ ಹುಡುಗನೂ ಗೋವೆಯ ಮಗನೂ ನಿಂತಿದ್ದಾರೆ. ಪರಾಧೀನತೆ ಹೋಗಲಿಲ್ಲ, ಅದು ಕೈ ಬದಲಾಯಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಇದನ್ನೇ ಅಂಕಿಗಳಿಂದ ಹೇಳುತ್ತದೆ. ಹಳ್ಳಿಯ ಗಂಡಸರಲ್ಲಿ ನೂರಕ್ಕೆ ಸುಮಾರು 49 ಜನರು ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದ್ದರೆ, ಹೆಂಗಸರಲ್ಲಿ 25 ಜನರು ಮಾತ್ರ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಒಂದೇ ಮೊಬೈಲಿದ್ದ ಮನೆಗಳಲ್ಲಿ ಅದು ಮೊದಲು ಮಗನ ಕೈಗೆ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ; ಮಗಳ ಪಾಳಿ ಬರುವಷ್ಟರಲ್ಲಿ ಪಾಠ ಮುಗಿದಿರುತ್ತಿದ್ದಿತು. ಫಿನ್ಲಂಡ ದೇಶದವರು 2010ರಲ್ಲಿಯೇ ಅಂತರ್ಜಾಲದ ಸಂಪರ್ಕವನ್ನು ಪ್ರತಿಯೊಬ್ಬ ಪ್ರಜೆಯ ಹಕ್ಕೆಂದು ಕಾಯಿದೆ ಮಾಡಿದರು; ನೆರೆಯ ಕೇರಳದ ಉಚ್ಚನ್ಯಾಯಾಲಯವು 2019ರಲ್ಲಿ ಒಬ್ಬ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ ಅದು ಶಿಕ್ಷಣದ ಹಕ್ಕಿನೊಳಗೆ ಸೇರುವದೆಂದು ತೀರ್ಪಿತ್ತಿತು. ನಮ್ಮ ಮನೆಗಳ ತೀರ್ಪು ಇನ್ನೂ ಆಗಬೇಕಾಗಿದೆ.

ಭಾಷೆಯ ಮಾತನ್ನೂ ಹೇಳಬೇಕು. ಆ ದಿನ ಮಗನ ಮೊಬೈಲಿಗೆ ಹೋದ ಸಂದೇಶವು ಇಂಗ್ಲಿಷಿನಲ್ಲಿದ್ದಿತು. ಕನ್ನಡಕ್ಕೆ ಯಂತ್ರದಲ್ಲಿ ಸ್ಥಳವಿಲ್ಲವೇ ಎಂದರೆ, ಉಂಟು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯುನಿಕೋಡಿನ 1991ರ ಮೊದಲನೆಯ ಆವೃತ್ತಿಯಲ್ಲಿಯೇ ನಮ್ಮ ಲಿಪಿ ಇದ್ದಿತು, ಶ್ರೀ ಕೆ. ಪಿ. ರಾವ್ ಅವರು ಕನ್ನಡದ ವರ್ಣಗಳನ್ನು ಕೀಲಿಮಣೆಯ ಮೇಲೆ ಸುಲಭವಾಗಿ ಹೊಂದಿಸಿ ಕೊಟ್ಟರು; 2003ರಿಂದ ವಿಕಿಪೀಡಿಯವೆಂಬ ವಿಶ್ವಕೋಶವೂ ಕನ್ನಡದಲ್ಲಿದೆ. ಸಾಮಗ್ರಿಗೆ ಕೊರತೆಯಿಲ್ಲ, ಬಡಿಸುವವರ ಮನಸ್ಸು ಬೇಕು.

ಆ ಮುದುಕಿಯ ಗತಿ ಏನಾಯಿತೆಂದು ವಾಚಕರು ಕೇಳುವರು. ಮರುದಿನ ಆಕೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆವು. ಖಾತೆ ತೆರೆಯುವಾಗ ಆಕೆ ಹಟ ಹಿಡಿದು ಸಹಿಯನ್ನೇ ಮಾಡಿದ್ದಳಂತೆ. ಆದ್ದರಿಂದ ಪಾಸ್‌ಬುಕ್ಕು ತೋರಿಸಿ ಚೀಟಿಯ ಮೇಲೆ ಸಹಿ ಹಾಕಿದರೆ ಸಾಕೆಂದು ಗುಮಾಸ್ತರು ಹೇಳಿದರು. ಹಿಂದೆ ಸಾಲು ಬೆಳೆಯುತ್ತಿದ್ದಿತು. ಆಕೆ ಅವಸರ ಮಾಡದೆ ಒತ್ತಕ್ಷರಕ್ಕೆ ಒತ್ತು ಕೊಟ್ಟು ಪೂರ್ಣ ಹೆಸರನ್ನು ಬರೆದಳು, ಹಣ ಬಂದಿತು. ಅಲ್ಲಿಂದ ಆಧಾರ್ ಕೇಂದ್ರಕ್ಕೆ ಹೋದೆವು. ಬೆರಳು ಸವೆದವರಿಗೆ ಕಣ್ಣಿನ ಪಾಪೆಯ ಗುರುತಿನಿಂದಲೂ ಕೆಲಸವಾಗುವದು. ಇದನ್ನು ಕೇಳಿಯೇ ಪಡೆಯಬೇಕೆಂಬುದು ಬಹು ಜನರಿಗೆ ತಿಳಿಯದು. ಆಕೆಯ ಹೆಸರಿನಲ್ಲಿಯೇ ಕೊಂಡ ಮೊಬೈಲಿನ ಸಂಖ್ಯೆಯನ್ನು ಅಲ್ಲಿ ಜೋಡಿಸಿದರು. ಈಗ ಸಾಯಂಕಾಲ ಆಕೆ ಆ ಮೊಬೈಲನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಕಟ್ಟೆಗೆ ಬರುತ್ತಾಳೆ. ಇಂಗ್ಲಿಷ್ ಅಕ್ಷರ ಬೇಡವೆಂದಳು. ಆರು ಅಂಕಿಗಳನ್ನಷ್ಟೇ ಹುಡುಕಿ ಓದುವದನ್ನು ಕಲಿಯುತ್ತಿದ್ದಾಳೆ. ನಾಲ್ಕನೆಯ ದಿನ ಜೊತೆಗೆ ಸೊಸೆಯನ್ನೂ ಕರೆತಂದಳು.