ಕಟ್ಟೆ ಕತ್ತೆಯಾಗದ ನಕ್ಷೆ ಬೇಕು

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಪಟ್ಟಿಗೆ ಸೇರಲು ಶಿಲ್ಪದ ಸೊಬಗೊಂದೇ ಸಾಲದು. ಸ್ಮಾರಕದ ಎಲ್ಲೆ ಯಾವುದು, ಅದರ ಸುತ್ತಲಿನ ರಕ್ಷಣಾ ವಲಯ ಎಷ್ಟು ಎಂಬುದನ್ನು ತೋರಿಸುವ ಕರಾರುವಾಕ್ಕಾದ ನಕ್ಷೆಯನ್ನೂ ಒಪ್ಪಿಸಬೇಕು. ಮೂರು ಊರುಗಳಿಗೆ ಆ ಭಾಗ್ಯ ದೊರೆಯಿತು. ಉಳಿದವುಗಳ ಗತಿಯೇನು?

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಳಿದು ಹಳೇಬೀಡಿನತ್ತ ಹೊರಟ ಪ್ರವಾಸಿಯನ್ನು ಊಹಿಸಿಕೊಳ್ಳಿ. ಅವನ ಮೊಬೈಲ್ ಫೋನು ಹೆದ್ದಾರಿಯನ್ನೂ ಪೆಟ್ರೋಲ್ ಬಂಕನ್ನೂ ತಪ್ಪದೆ ತೋರಿಸುತ್ತದೆ. ಅರಸೀಕೆರೆಯ ಈಶ್ವರ ದೇವಾಲಯ, ಹಾರನಹಳ್ಳಿಯ ಚೆನ್ನಕೇಶವ ಮತ್ತು ಸೋಮೇಶ್ವರ, ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯಗಳು ಪ್ರಸಿದ್ಧವಾದ್ದರಿಂದ ಹುಡುಕಿದರೆ ಸಿಕ್ಕಾವು. ಆದರೆ ಇವುಗಳ ನಡುವಿನ ಹಳ್ಳಿಗಳಲ್ಲಿರುವ ವೀರಗಲ್ಲು, ಕಲ್ಯಾಣಿ, ಕೆರೆಯ ತೂಬು, ಊರಿಂದೂರಿಗೆ ಹೋಗುವ ಬಂಡಿದಾರಿ ಇವೆಲ್ಲ ಹೆಚ್ಚಾಗಿ ಊರ ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಆ ತಲೆಮಾರು ಕಣ್ಮರೆಯಾದರೆ ಆ ನೆನಪೂ ಇಲ್ಲ.

ಎಲ್ಲೆಯನ್ನು ಬರೆದಿಡುವುದು ಈ ನಾಡಿಗೆ ಹೊಸತಲ್ಲ. ಹೊಯ್ಸಳರ ಕಾಲದ ದಾನಶಾಸನಗಳು ದತ್ತಿಭೂಮಿಯ ಸೀಮೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹಿಡಿದು, ಕೆರೆ, ಹಳ್ಳ, ಮರ, ನೆಟ್ಟ ಕಲ್ಲುಗಳ ಗುರುತಿನಿಂದ ಹೇಳುತ್ತವೆ. ಅದು ಅಕ್ಷರಗಳಲ್ಲಿ ಬರೆದ ನಕ್ಷೆ. ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟವನ್ನು ಹೊರತಂದಾಗ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಪ್ರತಿಯೊಂದೂ ಯಾವ ಗ್ರಾಮದಲ್ಲಿ, ಯಾವ ಗುಡಿಯ ಬಳಿ ನಿಂತಿದೆ ಎಂಬುದನ್ನು ನಮೂದಿಸಿದರು. ನೂರಕ್ಕೂ ಹೆಚ್ಚು ವರ್ಷಗಳು ಸಂದಿವೆ. ಆ ಕಲ್ಲುಗಳಲ್ಲಿ ಎಷ್ಟು ಈಗಲೂ ಅಲ್ಲಿಯೇ ಇವೆ? ಇದಕ್ಕೆ ಉತ್ತರ ಹುಡುಕುವ ಸಾಧನ ಇಂದು ಹಳ್ಳಿಯ ಹೈಸ್ಕೂಲು ವಿದ್ಯಾರ್ಥಿಯ ಜೇಬಿನಲ್ಲಿಯೇ ಇದೆ.

ಆ ಸಾಧನಕ್ಕೆ ನೆಲೆ ಒದಗಿಸಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್. ಸರ್ಕಾರಿ ನಕ್ಷೆಯ ಮಾಹಿತಿ ದುಬಾರಿಯಾಗಿದ್ದ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ 2004ರಲ್ಲಿ ಇದನ್ನು ಆರಂಭಿಸಿದರು. ಯಾರು ಬೇಕಾದರೂ ತಿದ್ದಬಹುದಾದ, ಮೂಲವನ್ನು ಸ್ಮರಿಸಿ ಯಾರು ಬೇಕಾದರೂ ಬಳಸಬಹುದಾದ ನಕ್ಷೆಯಿದು. ಬ್ರೌಸರ್‌ನಲ್ಲಿಯೇ ತೆರೆಯುವ ಐಡಿ ಎಂಬ ಸಂಪಾದಕದಲ್ಲಿ ಉಪಗ್ರಹ ಚಿತ್ರದ ಮೇಲೆ ಕೆರೆಯ ಅಂಚನ್ನು ಗೆರೆಯಾಗಿ ಎಳೆಯಬಹುದು, ಗುಡಿಯನ್ನು ಬಿಂದುವಾಗಿ ಇಡಬಹುದು. ಹೀಗೆ ಸೇರಿಸಿದ್ದನ್ನು ಕ್ಯೂಜಿಐಎಸ್ ತಂತ್ರಾಂಶದಲ್ಲಿ ಪರಿಶೀಲಿಸಿ, ಲೀಫ್‌ಲೆಟ್ ಅಥವಾ ಯುಮ್ಯಾಪ್ ಮೂಲಕ ಊರಿನದೇ ಅಂತರ್ಜಾಲ ನಕ್ಷೆಯಾಗಿ ಪ್ರಕಟಿಸಬಹುದು. ಈ ಯಾವುದಕ್ಕೂ ಪರವಾನಗಿ ಶುಲ್ಕವಿಲ್ಲ.

ಹಣ ಬೇಡ, ಆದರೆ ಎಚ್ಚರ ಬೇಕು. ಹಳೇಬೀಡು ಸುಮಾರು 13.21 ಡಿಗ್ರಿ ಉತ್ತರ ಅಕ್ಷಾಂಶ, 75.99 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ದಶಮಾಂಶದ ನಂತರ ಎರಡೇ ಅಂಕಿಗಳಿದ್ದರೆ ಗುರುತು ಒಂದು ಕಿಲೋಮೀಟರಿನಷ್ಟು ಒರಟು. ಐದು ಅಂಕಿಗಳಿದ್ದರೆ ಸುಮಾರು ಒಂದು ಮೀಟರಿನಷ್ಟು ನಿಖರ. ಕೆಲವು ತಂತ್ರಾಂಶಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ, ಕೆಲವು ರೇಖಾಂಶವನ್ನು. ಎರಡನ್ನೂ ಅದಲುಬದಲು ಮಾಡಿದರೆ ಹೊಯ್ಸಳೇಶ್ವರನು ನಾರ್ವೆಗೂ ಉತ್ತರದ ಹಿಮಸಮುದ್ರಕ್ಕೆ ಬೀಳುತ್ತಾನೆ!

ಇದಕ್ಕಿಂತ ಸೂಕ್ಷ್ಮವಾದದ್ದು ಹೆಸರಿನ ಪ್ರಶ್ನೆ. ರೋಮನ್ ಲಿಪಿಯಲ್ಲಿ ಬರೆದರೆ ಕಟ್ಟೆಗೂ ಕತ್ತೆಗೂ ವ್ಯತ್ಯಾಸವಿಲ್ಲ, ಹಾಲಿಗೂ ಹಾಳಿಗೂ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ದಾಖಲಾದ ಊರಿನ ಹೆಸರನ್ನು ಯಂತ್ರವೊಂದು ಮರಳಿ ಕನ್ನಡಕ್ಕೆ ತಂದಾಗ ಹಿರೇಕಟ್ಟೆ ಹಿರೇಕತ್ತೆಯಾದರೆ ಯಂತ್ರವನ್ನು ದೂರಿ ಫಲವಿಲ್ಲ. ಸರಿಯಾದ ಹೆಸರನ್ನು ನಾವು ಅದಕ್ಕೆ ಹೇಳಿಯೇ ಇರಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಸ್ಥಳಕ್ಕೂ ಕನ್ನಡದ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ದಾಖಲಿಸಲು ಪ್ರತ್ಯೇಕ ಅವಕಾಶವಿದೆ. ಅದನ್ನು ತುಂಬಬೇಕಾದವರು ಆ ಹೆಸರನ್ನು ದಿನವೂ ಉಚ್ಚರಿಸುವವರು.

ನಕ್ಷೆ ಮಾಡುವುದು ಸರ್ಕಾರದ ಕೆಲಸ, ನಮಗೇಕೆ ಉಸಾಬರಿ ಎಂಬ ಅಳುಕು ಹಲವರಲ್ಲಿದೆ. ಅದಕ್ಕೆ ಕಾರಣವೂ ಇತ್ತು. 2016ರಲ್ಲಿ ಪ್ರಕಟವಾದ ಭೂಮಾಹಿತಿ ನಿಯಂತ್ರಣ ಕರಡು ಮಸೂದೆ ಅನುಮತಿಯಿಲ್ಲದ ನಕ್ಷೆಗಾರಿಕೆಗೆ ಕೋಟಿಗಟ್ಟಲೆ ದಂಡ ಸೂಚಿಸಿ ದಿಗಿಲು ಹುಟ್ಟಿಸಿತ್ತು, ಅದು ಕಾನೂನಾಗಲಿಲ್ಲ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳು ನಕ್ಷೆ ತಯಾರಿಸಲು ಭಾರತೀಯರಿಗೆ ಪೂರ್ವಾನುಮತಿ ಬೇಕಿಲ್ಲವೆಂದು ಸಾರಿದವು. ಭದ್ರತೆಯ ದೃಷ್ಟಿಯಿಂದ ಸೂಕ್ಷ್ಮವಾದ ವಿವರಗಳಿಗೆ ಮಾತ್ರ ನಿರ್ಬಂಧ ಉಳಿದಿದೆ.

ಹಾಗೆಂದು ಕಂಡದ್ದನ್ನೆಲ್ಲ ನಕ್ಷೆಗೆ ಏರಿಸುವುದೂ ವಿವೇಕವಲ್ಲ. ಪಾಳುಗುಡಿಗಳನ್ನು ಅಗೆಯುವ ನಿಧಿಗಳ್ಳರ ಕಾಟ ನಮ್ಮ ನಾಡಿಗೆ ಅಪರಿಚಿತವಲ್ಲ. ಕಾವಲಿಲ್ಲದ ಕಡೆ ಬಿದ್ದಿರುವ ಬಿಡಿ ವಿಗ್ರಹದ ಗುರುತನ್ನು ಜಗತ್ತಿಗೆ ಸಾರುವ ಬದಲು ಪುರಾತತ್ತ್ವ ಇಲಾಖೆಗೆ ತಿಳಿಸುವುದು ಲೇಸು. ಖಾಸಗಿ ಕಂಪನಿಗಳ ನಕ್ಷೆಯನ್ನು ನೋಡಿ ನಕಲು ಮಾಡುವಂತೆಯೂ ಇಲ್ಲ. ಹೋಗಿ ನೋಡಿ, ಕೇಳಿ ಬರೆಯಬೇಕು. ಈ ನಕ್ಷೆ ಕಂದಾಯ ಇಲಾಖೆಯ ದಾಖಲೆಗೆ ಬದಲಿಯೂ ಅಲ್ಲ. ಆದರೆ ಇಲ್ಲೊಂದು ಕೆರೆಯಿದೆ, ಅದಕ್ಕೊಂದು ಹೆಸರಿದೆ ಎಂದು ಎಲ್ಲರ ಕಣ್ಣೆದುರು ದಾಖಲಾದರೆ, ಅದನ್ನು ಸದ್ದಿಲ್ಲದೆ ಮುಚ್ಚಿ ನಿವೇಶನ ಮಾಡುವುದು ಅಷ್ಟು ಸುಲಭವಾಗದು.

ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಹಳೇಬೀಡು ರಾಜಧಾನಿಯಾಗಿದ್ದಾಗ ಅದನ್ನು ದೋರಸಮುದ್ರವೆಂದು ಕರೆದದ್ದೂ ಅಲ್ಲಿನ ಕೆರೆಯಿಂದಲೇ. ಊರಿಗೆ ಹೆಸರು ಕೊಟ್ಟ ನೀರನ್ನು ಅಂದಿನವರು ಕಲ್ಲಿನಲ್ಲಿ ಬರೆದಿಟ್ಟರು. ಈ ಸೀಮೆಯ ಪ್ರತಿ ಪ್ರೌಢಶಾಲೆಯೂ ವರ್ಷಕ್ಕೆ ಒಂದು ಊರಿನ ಕೆರೆ, ಗುಡಿ, ಶಾಸನಗಳನ್ನು ಸುತ್ತಿ ನೋಡಿ ಕನ್ನಡದಲ್ಲಿಯೇ ನಕ್ಷೆಗೆ ಸೇರಿಸುವ ಕೆಲಸ ಕೈಗೊಳ್ಳಲಿ. ಹೆಸರು ಹೇಳಬಲ್ಲ ಅಜ್ಜಂದಿರು ಇನ್ನೂ ಜಗಲಿಯ ಮೇಲೆ ಕುಳಿತಿರುವಾಗಲೇ ಅದು ಆಗಬೇಕು.