ವಯಸ್ಸಿಗೊಂದು ಆಟ

ಮಧ್ಯಾಹ್ನದ ಊಟ ಮುಗಿದಿದೆ. ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ನಾಳೆಯ ದೋಸೆಗೆ ಅಕ್ಕಿ-ಉದ್ದು ನೆನೆಹಾಕಿ, ಈಗಷ್ಟೇ ಕಾಲು ಚಾಚಿ ಕುಳಿತಿದ್ದೀರಿ. ಕೈಗೆ ಮೊಬೈಲು ಬರುತ್ತದೆ. ಬಣ್ಣದ ಮಿಠಾಯಿಗಳನ್ನು ಜೋಡಿಸುವ ಆಟವೋ, ಲೂಡೋವೋ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಅಂಗಳದಲ್ಲಿ ಯಾರದೋ ಹೆಜ್ಜೆ ಸಪ್ಪಳ. ಥಟ್ಟನೆ ಮೊಬೈಲು ಸೆರಗಿನಡಿ ಸೇರುತ್ತದೆ! “ಇದೇನ್ರೀ, ಮಕ್ಕಳ ಹಾಗೆ ಗೇಮ್ ಆಡ್ತಾ ಕೂತಿದ್ದೀರಾ?” ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಸಂಕೋಚ.

ಈ ಸಂಕೋಚ ನಿಜವಾಗಿ ಬೇಕೇ? ವಿಡಿಯೋ ಗೇಮ್ ಎಂದರೆ ಮಕ್ಕಳದು ಎನ್ನುವ ಕಾಲ ಎಂದೋ ಹೋಯಿತು. 1990ರ ಸುಮಾರಿನಲ್ಲಿ ಟಿ.ವಿ.ಗೆ ತಂತಿ ಸಿಕ್ಕಿಸಿ, ಕ್ಯಾಸೆಟ್ಟನ್ನು ಉಫ್ ಎಂದು ಊದಿ ಹಾಕಿ ‘ಮಾರಿಯೋ’ ಆಡಿದ ಹುಡುಗ-ಹುಡುಗಿಯರಿಗೆ ಈಗ ನಲವತ್ತೈದರ ಆಸುಪಾಸು. ಅವರಲ್ಲಿ ನಿಮ್ಮ ಯಜಮಾನರೂ ಇರಬಹುದು, ನೀವೇ ಇರಬಹುದು. ಆಡುವ ಆಸೆ ವಯಸ್ಸಾದಂತೆ ಹೊರಟುಹೋಗುವುದಿಲ್ಲ. ಆದರೆ ಆಟದಿಂದ ನಮಗೆ ಬೇಕಾದದ್ದು ಏನು ಎಂಬುದು ಬದಲಾಗುತ್ತಾ ಹೋಗುತ್ತದೆ. ಇದನ್ನು ತಿಳಿದುಕೊಂಡರೆ ಮನೆಯಲ್ಲಿ ಎಷ್ಟೋ ಬೇಸರ, ಎಷ್ಟೋ ಜಗಳ ತಪ್ಪೀತು.

ಬೆರಳಿಗೂ ವಯಸ್ಸಾಗುತ್ತದೆ

ಹರೆಯದಲ್ಲಿ ಆಟವೆಂದರೆ ವೇಗ. ಮೇಲಿನಿಂದ ಇಳಿಯುವ ತುಂಡುಗಳನ್ನು ಸಾಲಾಗಿ ಜೋಡಿಸುವ ‘ಟೆಟ್ರಿಸ್’ ಆಟವನ್ನು ನೀವು ನೋಡಿರುತ್ತೀರಿ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ಎಂಬವರು ರೂಪಿಸಿದ ಆಟವದು. ಅದರ ಹಳೆಯ ನಿಂಟೆಂಡೋ ಆವೃತ್ತಿಯನ್ನು 2023ರ ಡಿಸೆಂಬರಿನಲ್ಲಿ ಅಮೆರಿಕದ ಹುಡುಗನೊಬ್ಬ ಎಷ್ಟು ವೇಗವಾಗಿ, ಎಷ್ಟು ದೂರ ಆಡಿದನೆಂದರೆ, ಕೊನೆಗೆ ಆಟವೇ ಸ್ತಬ್ಧವಾಗಿ ನಿಂತುಬಿಟ್ಟಿತು! ಅವನ ವಯಸ್ಸು ಬರೀ 13.

ಆ ಚುರುಕು ಬಹುಕಾಲ ಉಳಿಯುವಂಥದ್ದಲ್ಲ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ‘ಸ್ಟಾರ್‌ಕ್ರಾಫ್ಟ್ 2’ ಎಂಬ ಯುದ್ಧದ ಆಟವನ್ನು ಆಡುವ, 16ರಿಂದ 44 ವರ್ಷದ 3,305 ಜನರ ಆಟವನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಡದ್ದನ್ನು ಗ್ರಹಿಸಿ ಕೈ ಆಡಿಸುವ ವೇಗ 24ನೆಯ ವಯಸ್ಸಿನಿಂದಲೇ ನಿಧಾನವಾಗಿ ಇಳಿಯತೊಡಗುತ್ತದಂತೆ. ಅಯ್ಯೋ, ಇಪ್ಪತ್ನಾಲ್ಕಕ್ಕೇನಾ ಎಂದು ಗಾಬರಿಯಾಗಬೇಡಿ. ಹಿರಿಯ ಆಟಗಾರರು ಇದನ್ನು ಜಾಣತನದಿಂದ ಸರಿದೂಗಿಸಿಕೊಳ್ಳುತ್ತಾರೆ ಎಂಬ ಸುಳಿವೂ ಅದೇ ಅಧ್ಯಯನದಲ್ಲಿ ಸಿಕ್ಕಿದೆ.

ಅಡುಗೆಮನೆಯಲ್ಲಿ ನಾವು ಇದನ್ನು ದಿನವೂ ಕಾಣುತ್ತೇವಲ್ಲ! ಹೊಸ ಸೊಸೆ ಸರಸರನೆ ಓಡಾಡಿ ಮಾಡುವ ಅಡುಗೆಯನ್ನು ಅತ್ತೆ ಕುಳಿತಲ್ಲೇ, ಬೇಕಾದ್ದನ್ನೆಲ್ಲ ಮೊದಲೇ ಹೊಂದಿಸಿಟ್ಟುಕೊಂಡು ಅಷ್ಟೇ ಹೊತ್ತಿಗೆ ಮುಗಿಸಿರುತ್ತಾರೆ.

ಬಿಡುವೇ ಸಿಗದ ವರ್ಷಗಳು

ಮೂವತ್ತರಿಂದ ನಲವತ್ತೈದರವರೆಗೆ ದೊಡ್ಡ ಕೊರತೆಯೆಂದರೆ ಸಮಯದ್ದು. ರಾತ್ರಿಯಿಡೀ ಕೂತು ಆಡಿದ ಹುಡುಗ ಈಗ ಮನೆಯ ಸಾಲ, ಮಕ್ಕಳ ಫೀಸು, ಕಚೇರಿಯ ಕೆಲಸ ಹೊತ್ತ ಗೃಹಸ್ಥ. ದೊಡ್ಡ ಆಟವೊಂದನ್ನು ಉತ್ಸಾಹದಿಂದ ತಂದು ಹಾಕಿಕೊಳ್ಳುತ್ತಾರೆ, ನಾಲ್ಕು ದಿನ ಆಡಿ ಬಿಟ್ಟುಬಿಡುತ್ತಾರೆ. “ಯಾಕೋ ಮೊದಲಿನ ಮಜಾ ಇಲ್ಲ ಕಣೇ” ಎಂದು ಗೊಣಗುತ್ತಾರೆ. ಮಜಾ ಹೋಗಿರುವುದಿಲ್ಲ. ಆ ಆಟದ ಕಥೆ, ದಾರಿ, ಗುಂಡಿಗಳ ಲೆಕ್ಕಾಚಾರ ಮನಸ್ಸಿಗೆ ಕೂರಬೇಕಾದರೆ ಗಂಟೆಗಟ್ಟಲೆ ಬಿಡುವು ಬೇಕು. ಅವರಿಗೆ ಸಿಗುವುದು ಊಟಕ್ಕೂ ನಿದ್ದೆಗೂ ನಡುವಿನ ಅರ್ಧ ಗಂಟೆ.

ಗೃಹಿಣಿಯರಿಗಂತೂ ಆ ಅರ್ಧ ಗಂಟೆಯೂ ಇಡಿಯಾಗಿ ಸಿಗದು. 2012ರಲ್ಲಿ ಬಂದ ‘ಕ್ಯಾಂಡಿ ಕ್ರಷ್’ ಎಷ್ಟೋ ಹೆಂಗಸರ ಕೈಗೆ ಒಗ್ಗಿದ್ದು ಇದೇ ಕಾರಣಕ್ಕೆ. ಒಂದೊಂದು ಹಂತಕ್ಕೂ ಎರಡು-ಮೂರು ನಿಮಿಷ ಸಾಕು, ಒಂದೇ ಕೈಯಲ್ಲಿ ಆಡಬಹುದು, ಕುಕ್ಕರ್ ಕೂಗಿದರೆ ಅಲ್ಲೇ ಬಿಟ್ಟು ಏಳಬಹುದು. ಇನ್ನೊಂದು ಕಾರಣವೂ ಇರಬಹುದು. ಮನೆಗೆಲಸ ಮುಗಿದೆನೆಂದರೂ ಮುಗಿಯುವುದಿಲ್ಲ. ಬೆಳಿಗ್ಗೆ ತೊಳೆದ ತಟ್ಟೆ ಮಧ್ಯಾಹ್ನ ಮತ್ತೆ ಎಂಜಲು, ಇಂದು ಒಗೆದ ಬಟ್ಟೆ ನಾಡಿದ್ದು ಮತ್ತೆ ಕೊಳೆ. ಆಟದಲ್ಲಿ ಮಾತ್ರ ಒಮ್ಮೆ ದಾಟಿದ ಹಂತ ದಾಟಿದ್ದೇ. ಅದನ್ನು ಯಾರೂ ಮತ್ತೆ ಕೊಳೆ ಮಾಡುವುದಿಲ್ಲ. ಆ ಪುಟ್ಟ ಸಮಾಧಾನವನ್ನು ಯಾರಾದರೂ ‘ಚಪಲ’ ಎಂದರೆ ನೀವು ಕುಗ್ಗಬೇಕಾಗಿಲ್ಲ.

ಈ ವಯಸ್ಸಿನಲ್ಲಿ ಸೋಲಿನ ರುಚಿಯೂ ಬದಲಾಗುತ್ತದೆ. ಇಪ್ಪತ್ತರಲ್ಲಿ ಸೋತರೆ ಛಲ ಹುಟ್ಟುತ್ತಿತ್ತು. ನಲವತ್ತರಲ್ಲಿ ದಿನದ ತಾಪತ್ರಯವೇ ಸಾಕಷ್ಟಿರುತ್ತದೆ, ಆಟದಲ್ಲೂ ಎದೆಬಡಿತ ಯಾರಿಗೆ ಬೇಕು? ಮನಸ್ಸು ತಣ್ಣಗಾಗುವ ಆಟವೇ ಹಿತವೆನಿಸುತ್ತದೆ.

ಚಾಳೀಸು ಬಂದ ಮೇಲೆ

ನಲವತ್ತರ ಮೇಲೆ ಚಾಳೀಸು ಬರುತ್ತದೆ. ಸಣ್ಣ ಅಕ್ಷರ, ಸಣ್ಣ ಚಿತ್ರ ಕಣ್ಣಿಗೆ ತ್ರಾಸ. ಐವತ್ತರ ಹೊತ್ತಿಗೆ ಮಕ್ಕಳು ಓದಿಗೆ, ಕೆಲಸಕ್ಕೆ ಊರು ಬಿಡುತ್ತಾರೆ. ಆಗ ಆಟದಲ್ಲಿ ಬೇಕಾಗುವುದು ಜೊತೆ.

2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. 2016ರಲ್ಲಿ ಬಂದಿದ್ದ ‘ಲೂಡೋ ಕಿಂಗ್’ ಆಗ ಮನೆಮನೆಗೂ ತಲುಪಿತು. ಅಮ್ಮ ಶಿರಸಿಯಲ್ಲಿ, ಮಗ ಬೆಂಗಳೂರಿನಲ್ಲಿ, ಮಗಳು ಪರದೇಶದಲ್ಲಿ ಇದ್ದರೂ ಆಟದ ಮಣೆ ಒಂದೇ! ಮೊಬೈಲಿಗೆ ಹೆದರುತ್ತಿದ್ದ ತಾಯಂದಿರು ಇದಕ್ಕೆ ಬೇಗ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಲೂಡೋ ಎಂಬುದು ನಮ್ಮ ಪಗಡೆಯ ಬಳಗದ ಪಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದ ಆಟ. ಕವಡೆಯೋ ಹುಣಸೆಬೀಜವೋ ಹಾಕಿ ಚೌಕಾಬಾರ ಆಡಿದ ಕೈಗಳಿಗೆ ಕಾಯಿ ನಡೆಸುವುದನ್ನು ಯಾರು ಕಲಿಸಬೇಕು? ಅಲ್ಲಿ ಗೆದ್ದವರಾರು ಎಂಬುದು ಮರುದಿನ ನೆನಪಿರುವುದಿಲ್ಲ. ಆಡುತ್ತಾ ಆಡುತ್ತಾ “ಊಟ ಆಯ್ತೇನೋ? ಕೆಮ್ಮು ಕಡಿಮೆಯಾಯ್ತಾ?” ಎಂದು ಕೇಳಿದ್ದು ನೆನಪಿರುತ್ತದೆ.

ಅರವತ್ತರ ಮೇಲೂ ಆಟವೇ?

ಯಾಕಾಗಬಾರದು? ಜಪಾನಿನ ಹಮಾಕೋ ಮೋರಿ ಎಂಬ ಅಜ್ಜಿ ಹುಟ್ಟಿದ್ದು 1930ರಲ್ಲಿ. ಮಕ್ಕಳು ಆಡುವುದನ್ನು ನೋಡಿ, ಈ ಸಂತೋಷ ಅವರಿಗಷ್ಟೇ ಏಕೆ ಅನ್ನಿಸಿ 51ನೆಯ ವಯಸ್ಸಿನಲ್ಲಿ ಆಟ ಹಿಡಿದರು. ಆಡಿದ್ದನ್ನು ಯೂಟ್ಯೂಬಿನಲ್ಲಿ ತೋರಿಸತೊಡಗಿ, 2020ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ಗಿನ್ನೆಸ್ ದಾಖಲೆ ಸೇರಿದರು. ಅಜ್ಜಿಗೆ ಇಷ್ಟವಾದದ್ದು ಮೆತ್ತನೆಯ ಆಟವೇನಲ್ಲ, ಗುಂಡು ಹಾರಿಸುವ ಆಟಗಳೂ ಅದರಲ್ಲಿದ್ದವು! ವಯಸ್ಸಿನ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ ನೋಡಿ.

ಆಟದಿಂದ ಬುದ್ಧಿ ಚುರುಕಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಮ್ ಗಜಾಲಿ ಮತ್ತು ಸಂಗಡಿಗರು, ಕಾರು ಓಡಿಸುತ್ತಲೇ ಸಂಕೇತಗಳನ್ನು ಗಮನಿಸುವ ಒಂದು ಆಟವನ್ನು ರಚಿಸಿ, 60ರಿಂದ 85 ವರ್ಷದವರಿಂದ ಒಂದು ತಿಂಗಳಲ್ಲಿ 12 ಗಂಟೆ ಆಡಿಸಿದರು. ಒಂದೇ ಹೊತ್ತಿಗೆ ಎರಡು ಕೆಲಸ ನಿಭಾಯಿಸುವ ಶಕ್ತಿ ಅವರಲ್ಲಿ ಹೆಚ್ಚಿತು, ಆರು ತಿಂಗಳ ಮೇಲೂ ಉಳಿದಿತ್ತು ಎಂದು 2013ರಲ್ಲಿ ವರದಿ ಮಾಡಿದರು. ಆದರೆ ಅದು ಆ ಉದ್ದೇಶಕ್ಕೆಂದೇ ಮಾಡಿದ ಆಟ. ಮೊಬೈಲಿನಲ್ಲಿ ಸಿಗುವ ಎಲ್ಲ ಆಟವೂ ಮರೆವಿಗೆ ಮದ್ದು ಎಂದು ನಂಬಬೇಡಿ. ಮಾವನವರು ಸಂಜೆಯ ವಾಕಿಂಗ್ ಬಿಟ್ಟು ಗೇಮ್ ಹಿಡಿದು ಕೂತರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಎಲ್ಲೆ ಎಲ್ಲಿ?

ಆಟ ಮುಗಿಸಿ ಎದ್ದಾಗ ಮನಸ್ಸು ಹಗುರವಾಗಿದೆಯೋ, ಭಾರವಾಗಿದೆಯೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹಗುರವಾಗಿದ್ದರೆ ಚಿಂತೆಯಿಲ್ಲ. ಬಿಡಬೇಕೆಂದರೂ ಬಿಡಲಾಗದೆ, ಊಟ-ನಿದ್ದೆ-ಸಂಸಾರಕ್ಕಿಂತ ಆಟವೇ ಮೇಲಾಗಿ, ಹಾನಿ ಕಂಡರೂ ಮುಂದುವರಿಯುತ್ತಿದ್ದರೆ ಅದು ಕಾಯಿಲೆಯ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭವಾಯಿತು. ಬೈದು, ಮೊಬೈಲು ಕಸಿದುಕೊಳ್ಳುವುದಕ್ಕಿಂತ ವೈದ್ಯರ ಬಳಿ ಕರೆದೊಯ್ಯುವುದು ಮೇಲು.

ಇವು ನೆನಪಿರಲಿ

1. ಆಡಲು ಕೂರುವ ಮೊದಲೇ ಹೊತ್ತು ಗೊತ್ತುಮಾಡಿ. ಅಲಾರಂ ಇಟ್ಟುಕೊಂಡರೆ ಒಳ್ಳೆಯದು.

2. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಕಣ್ಣಿಗೆ ವಿಶ್ರಾಂತಿ.

3. ಹೆಬ್ಬೆರಳು, ಮಣಿಕಟ್ಟು ನೋಯತೊಡಗಿದರೆ ಕೆಲವು ದಿನ ಆಟ ನಿಲ್ಲಿಸಿ.

4. ಮಲಗುವ ಮುನ್ನ ಒಂದು ಗಂಟೆ ಮೊಬೈಲು ಬೇರೆ ಕೋಣೆಯಲ್ಲಿರಲಿ.

5. ಕ್ಯಾಂಡಿ ಕ್ರಷ್‌ನಲ್ಲಿ ಐದು ‘ಜೀವ’ ಮುಗಿದರೆ ದುಡ್ಡು ಕೊಟ್ಟು ಕೊಳ್ಳಬೇಡಿ. ಅರ್ಧ ಗಂಟೆಗೊಂದು ಜೀವ ತಾನಾಗಿಯೇ ಬರುತ್ತದೆ. ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯಬಹುದು!

6. ಹಣ ಕಟ್ಟಿ ಹಣ ಗೆಲ್ಲುವ ಆಟದ ಹತ್ತಿರ ಸುಳಿಯಬೇಡಿ. ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ.

7. ಒ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ. ಮೋಸಹೋದರೆ ನಾಚಿಕೊಂಡು ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ ಒಂದು ಮಾತು. ಮನೆಯ ಹಿರಿಯರಿಗೆ ಮೊಬೈಲಿನ ಆಟ ಕಲಿಸುವಾಗ “ಎಷ್ಟು ಸಲ ಹೇಳೋದು?” ಎಂದು ರೇಗಬೇಡಿ. ಅಕ್ಷರ ದೊಡ್ಡದು ಮಾಡಿಕೊಡಿ, ಪಕ್ಕದಲ್ಲಿ ಕುಳಿತು ಒಂದು ಆಟ ನೀವೂ ಆಡಿ. ಅವರು ನಿಧಾನಿಸಿದರೆ ಕಾಯಿರಿ. ಹಿಂದೆ ನಿಮಗೆ ಕವಡೆಯ ಲೆಕ್ಕ ಕಲಿಸುವಾಗ ಅವರೂ ಹಾಗೇ ಕಾದಿದ್ದರು.